ನೆಲ ಡೊಂಕು

ಗಾದೆಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಕೊಂಚ ದುರಭಿಮಾನ. ಎದುರಾಳಿಯ ಮಾತು ಇನ್ನೂ ಅರ್ಧದಲ್ಲಿರುವಾಗಲೇ ತಕ್ಕ ಗಾದೆಯೊಂದನ್ನು ಅವನ ಮುಂದೆ ಎಸೆದು ವಾದವನ್ನು ಮುಗಿಸಿಬಿಡುವುದು ನಮ್ಮ ಮನೆತನದಲ್ಲಿ ತಂದೆಯಿಂದ ಮಗನಿಗೆ ಇಳಿದುಬಂದ ವಿದ್ಯೆ. ಇದರಲ್ಲಿರುವ ಅನುಕೂಲವೆಂದರೆ, ಗಾದೆ ಹೇಳುವವನು ತಾನು ಯೋಚಿಸಬೇಕಾಗಿಲ್ಲ. ಹಿಂದೆ ಯಾರೋ ಯೋಚಿಸಿಟ್ಟಿರುತ್ತಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆಂಬ ಭರವಸೆ ಬೇರೆ ಬೆನ್ನಿಗಿರುತ್ತದೆ. ಹೀಗೆ ಯೋಚಿಸದೆ ಎಸೆದ ಗಾದೆಯೊಂದು ಹದಿನಾಲ್ಕು ವರ್ಷಗಳ ಮೇಲೆ ನನ್ನ ಕಡೆಗೇ ತಿರುಗಿಬಂದ ಸಂಗತಿಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದು ಬಂದದ್ದು ನಮ್ಮ ಮನೆಯ ಅಟ್ಟದಿಂದ, ಒಂದು ವಿದ್ಯುತ್ ಗಿಟಾರಿನ ರೂಪದಲ್ಲಿ.

2024ರ ಬೇಸಗೆ ರಜೆಯಲ್ಲಿ ನನ್ನ ತಂಗಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ಹದಿಮೂರು ವರ್ಷದ ಹುಡುಗಿ. ಸುಮ್ಮನೆ ಕುಳಿತಿರಲು ಬಾರದವಳು. ಮಾವಿನಕಾಯಿಯ ಭರಣಿಯನ್ನು ಇಳಿಸಿಕೊಡಲೆಂದು ಅಟ್ಟ ಹತ್ತಿದವಳು ಭರಣಿಯನ್ನು ಮರೆತು, ದೂಳು ಮುಸುಕಿದ ಉದ್ದನೆಯ ಕರಿಯ ಚೀಲವೊಂದನ್ನು ಎದೆಗವಚಿಕೊಂಡು ಇಳಿದುಬಂದಳು. “ಮಾವ, ಇದು ಯಾರದು?” ಎಂದು ಕೇಳಿದಳು.

ಯಾರದೆಂದು ಹೇಳುವುದು ಸುಲಭವಾಗಿತ್ತು. ಅಟ್ಟಕ್ಕೆ ಏಕೆ ಹೋಯಿತೆಂದು ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. “ನಿನ್ನ ಭಾವನದು” ಎಂದಷ್ಟೇ ಹೇಳಿ ಪತ್ರಿಕೆಯೊಳಗೆ ಮುಖ ಮರೆಸಿಕೊಂಡೆ.

2010ರಲ್ಲಿ ನನ್ನ ಮಗ ಹತ್ತನೆಯ ತರಗತಿಯನ್ನು ಮುಗಿಸಿದಾಗ, ಕೊಟ್ಟ ಮಾತಿಗೆ ಕಟ್ಟುಬಿದ್ದು ನಾನೇ ಆ ಗಿಟಾರನ್ನು ಕೊಡಿಸಿದ್ದೆ. ಕೊಡಿಸಿದ್ದೇನೋ ನಿಜ, ಆದರೆ ಅಂಗಡಿಯಲ್ಲಿದ್ದವುಗಳ ಪೈಕಿ ಬೆಲೆಯಲ್ಲಿ ಎಲ್ಲಕ್ಕಿಂತ ಕೆಳಗಿದ್ದುದನ್ನು ಆರಿಸಿದವನೂ ನಾನೇ. “ಕಲಿಯುವವನಿಗೆ ಇದು ಸಾಕು” ಎಂದು ಅಂಗಡಿಯವರಿಗಿಂತ ಮೊದಲು ನಾನು ಹೇಳಿದ್ದೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.

ನಮ್ಮ ಮನೆಗೆ ತಂತಿವಾದ್ಯ ಹೊಸದಲ್ಲ. ನಮ್ಮ ತಾಯಿ ವೀಣೆ ನುಡಿಸುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಚಾಪೆ ಹಾಸಿ ಕುಳಿತು ಅವರು ಶ್ರುತಿ ಮಾಡಿಕೊಳ್ಳುತ್ತಿದ್ದುದು ನನ್ನ ಬಾಲ್ಯದ ಬಹು ಹಳೆಯ ನೆನಪುಗಳಲ್ಲಿ ಒಂದು. ವೀಣೆಯ ಬಿರಡೆಯೆಂಬುದು ಬಹಳ ಸರಳವಾದ ವಸ್ತು. ಓರೆಯಾಗಿ ಕಡೆದ ಮರದ ಗೂಟ; ಅದು ರಂಧ್ರದೊಳಗೆ ಬಿಗಿಯಾಗಿ ಕೂತು, ಕೇವಲ ಉಜ್ಜಾಟದ ಬಲದಿಂದ ತಂತಿಯ ಎಳೆತವನ್ನು ತಡೆದು ನಿಲ್ಲುತ್ತದೆ. ಮಳೆಗಾಲದಲ್ಲಿ ಮರ ಊದಿ ಬಿರಡೆ ಮೊಂಡು ಹಿಡಿಯುತ್ತಿತ್ತು. ಬೇಸಗೆಯಲ್ಲಿ ಸೊರಗಿ ಜಾರುತ್ತಿತ್ತು. ಜಾರಿದಾಗ ಅಮ್ಮ ಅದನ್ನು ಹೊರಕ್ಕೆಳೆದು, ಸೀಮೆಸುಣ್ಣದ ಪುಡಿ ಸವರಿ, ತಿರುಪುತ್ತ ಒಳಕ್ಕೊತ್ತುತ್ತಿದ್ದರು. ಆ ಸೀಮೆಸುಣ್ಣದ ಚೂರುಗಳನ್ನು ನನ್ನ ಸ್ಲೇಟಿನ ಪೆಟ್ಟಿಗೆಯಿಂದಲೇ ತೆಗೆದುಕೊಳ್ಳುತ್ತಿದ್ದುದರಿಂದ, ಕರ್ಣಾಟಕ ಸಂಗೀತಕ್ಕೆ ನನ್ನ ಸೇವೆಯೂ ಅಷ್ಟಿಷ್ಟು ಸಂದಿದೆಯೆಂದು ಹೇಳಿಕೊಳ್ಳಬಹುದು. ಅದಕ್ಕೂ ಮಿಗಿಲಾದ ಸಂಗೀತಜ್ಞಾನ ನನಗಿಲ್ಲ. ಆದರೆ ವೀಣೆಯ ಮನೆಯಲ್ಲಿ ಬೆಳೆದವನಿಗೆ ಶ್ರುತಿಯ ಬಗ್ಗೆ ತೀರ್ಪು ಕೊಡುವ ಅಧಿಕಾರ ಹುಟ್ಟಿನಿಂದಲೇ ಬರುತ್ತದೆಂದು ನಾನು ನಂಬಿದ್ದೆ.

ಮಗ ದಿನವೂ ಸಂಜೆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಶ್ರುತಿ ಮಾಡತೊಡಗುತ್ತಿದ್ದ. ಅರ್ಧ ಗಂಟೆ ಶ್ರುತಿ, ಹತ್ತು ನಿಮಿಷ ನುಡಿಸುವುದು, ಮತ್ತೆ ಶ್ರುತಿ. ಒಂದು ತಂತಿಯನ್ನು ಸರಿಪಡಿಸುವಷ್ಟರಲ್ಲಿ ಇನ್ನೊಂದು ಇಳಿದಿರುತ್ತಿತ್ತು. ಅವನು ಹುಬ್ಬು ಗಂಟಿಕ್ಕಿ, ಕಿವಿಯನ್ನು ವಾದ್ಯದ ಮೈಗೆ ಹಚ್ಚಿ, ಮತ್ತೆ ಮತ್ತೆ ಮೀಟಿ ನೋಡುತ್ತಿದ್ದ. ಎರಡು ತಿಂಗಳು ಹೀಗೆ ಕಳೆಯಿತು. ಒಂದು ಭಾನುವಾರ ಮನೆಯಲ್ಲಿ ನೆಂಟರು ಸೇರಿದ್ದರು. ಯಾರೋ ಅವನನ್ನು ನುಡಿಸೆಂದರು. ಅವನು ಶ್ರುತಿ ಮಾಡುತ್ತಲೇ ಇದ್ದ. ಕಾಫಿ ಬಂದು ಲೋಟಗಳು ಬರಿದಾದರೂ ಶ್ರುತಿ ಮುಗಿಯಲಿಲ್ಲ. ಕಡೆಗೆ ತಲೆಯೆತ್ತಿ, “ಅಪ್ಪ, ಇದು ನಿಲ್ಲುವುದೇ ಇಲ್ಲ” ಎಂದ.

ನಾನು ಎಲ್ಲರಿಗೂ ಕೇಳುವಂತೆ, “ಕುಣಿಯಲಾರದವಳು ನೆಲ ಡೊಂಕು ಎಂದಳಂತೆ” ಎಂದೆ. ಅಷ್ಟಕ್ಕೇ ನಿಲ್ಲಿಸದೆ, “ಶ್ರುತಿಜ್ಞಾನ ಇರಬೇಕಪ್ಪ. ಅದು ಅಂಗಡಿಯಲ್ಲಿ ಸಿಕ್ಕುವುದಿಲ್ಲ” ಎಂದೂ ಸೇರಿಸಿದೆ. ನೆಂಟರು ನಕ್ಕರು. ಅವನೂ ನಗುವಂತೆ ಮಾಡಿದ. ಅಂದು ರಾತ್ರಿ ಗಿಟಾರು ಚೀಲದೊಳಗೆ ಸೇರಿತು. ಯಾವಾಗ ಅಟ್ಟಕ್ಕೆ ಏರಿತೋ ನಾನು ಗಮನಿಸಲಿಲ್ಲ. ಅದಾದ ಮೇಲೆ ಅವನು ಓದಿದ, ಕೆಲಸಕ್ಕೆ ಸೇರಿ ಪುಣೆಗೆ ಹೋದ. ನಮ್ಮ ನಡುವೆ ಜಗಳವೇನೂ ಇರಲಿಲ್ಲ. ಸಂಗೀತದ ಮಾತನ್ನು ಮಾತ್ರ ಅವನು ಮನೆಯಲ್ಲಿ ಎಂದೂ ಎತ್ತಲಿಲ್ಲ.

ಇರಲಿ. ತಂಗಿಯ ಮಗಳು ಚೀಲವನ್ನು ಬಿಚ್ಚಿ ಗಿಟಾರನ್ನು ನಡುಮನೆಯ ಮೇಜಿನ ಮೇಲೆ ಮಲಗಿಸಿದಳು. ತಂತಿಗಳು ತುಕ್ಕು ಹಿಡಿದಿದ್ದವು. ನನ್ನಾಕೆ ಅದರ ಬೆನ್ನನ್ನು ಬೆರಳಿನಿಂದ ಕುಟ್ಟಿ, “ಇದೇನು, ಹಲಗೆಯಂತಿದೆ! ಒಳಗೆ ಪೊಳ್ಳೇ ಇಲ್ಲವಲ್ಲ” ಎಂದರು. ಅವರ ಮಾತು ಸರಿ. ನಮ್ಮ ವೀಣೆಯ ಕೊಡ ಹಲಸಿನ ಮರದ ಪೊಳ್ಳಿನಿಂದ ಮಾತನಾಡುತ್ತದೆ. ವಿದ್ಯುತ್ ಗಿಟಾರಿನ ಮೈ ಸಾಮಾನ್ಯವಾಗಿ ಗಟ್ಟಿ ಮರ. ಅದರ ದನಿಯ ಗುಟ್ಟೆಲ್ಲ ತಂತಿಗಳ ಕೆಳಗೆ ಹುದುಗಿಸಿದ ಅಯಸ್ಕಾಂತಗಳಲ್ಲಿದೆ. ಅಯಸ್ಕಾಂತದ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಕಾಂತಕ್ಷೇತ್ರವೂ ಅಲುಗಿ, 1831ರಲ್ಲಿ ಫ್ಯಾರಡೆ ತೋರಿಸಿಕೊಟ್ಟ ನಿಯಮದಂತೆ, ತಾಮ್ರದಲ್ಲಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡಿ ಧ್ವನಿವರ್ಧಕಕ್ಕೆ ಕೊಟ್ಟರೆ ಅದೇ ಸಂಗೀತ.

ಇಂಥ ಗಟ್ಟಿಮೈಯ ಗಿಟಾರನ್ನು 1950ರಲ್ಲಿ ಮಾರುಕಟ್ಟೆಗೆ ತಂದು ಮನೆಮಾತಾಗಿಸಿದವನು ಅಮೆರಿಕದ ಕ್ಯಾಲಿಫೋರ್ನಿಯದ ಫುಲ್ಲರ್ಟನ್ ಎಂಬ ಊರಿನ ಲಿಯೊ ಫೆಂಡರ್. ಅವನು ಮೂಲತಃ ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದವನು. 1954ರಲ್ಲಿ ಅವನು ಹೊರತಂದ ಸ್ಟ್ರ್ಯಾಟೊಕ್ಯಾಸ್ಟರ್ ಎಂಬ ಗಿಟಾರಿನ ಆಕಾರವನ್ನು ಜಗತ್ತಿನಲ್ಲಿ ಎಷ್ಟೋ ಕಾರ್ಖಾನೆಗಳು ಅನುಕರಿಸಿವೆ; ನಮ್ಮ ಮೇಜಿನ ಮೇಲೆ ಮಲಗಿದ್ದುದೂ ಆ ಆಕಾರದ್ದೇ. ಬಿರಡೆಗಳು ಎಡಕ್ಕೆ ಮೂರು ಬಲಕ್ಕೆ ಮೂರು ಎಂದು ಹಂಚಿಹೋಗದೆ, ಆರೂ ಒಂದೇ ಅಂಚಿನಲ್ಲಿ ಸಾಲಾಗಿ ನಿಂತಿರುವುದು ಇದರ ಒಂದು ಗುರುತು. ತಂತಿಗಳು ಎಲ್ಲಿಯೂ ಬಾಗದೆ ನೇರವಾಗಿ ಬಿರಡೆಗೆ ಹೋಗಲೆಂದು ಈ ಏರ್ಪಾಡು. 19ನೆಯ ಶತಮಾನದಲ್ಲಿ ವಿಯೆನ್ನಾ ನಗರದ ಸ್ಟೌಫರ್ ಎಂಬ ಕುಶಲಕರ್ಮಿಯ ಗಿಟಾರುಗಳಲ್ಲಿಯೂ ಇಂಥ ಸಾಲು ಇದ್ದಿತು. ಫೆಂಡರನ ಬಗ್ಗೆ ನನಗೆ ಅತ್ಯಂತ ಸಮಾಧಾನ ಕೊಟ್ಟ ಸಂಗತಿ ಇನ್ನೊಂದಿದೆ: ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ನುಡಿಸಲಾರದವನು ಗಿಟಾರನ್ನು ನಿರ್ಮಿಸಬಹುದಾದರೆ ನುಡಿಸಲಾರದ ನಾನು ಅದನ್ನು ರಿಪೇರಿ ಮಾಡಬಾರದೇಕೆ?

ಹುಡುಗಿ ಮೊಬೈಲಿನಲ್ಲಿ ಶ್ರುತಿ ನೋಡುವ ಸಾಧನವೊಂದನ್ನು ತೆರೆದು ಮೇಜಿನ ಮೇಲಿಟ್ಟಳು. ತಂತಿ ಮೀಟಿದರೆ ಅದರಲ್ಲೊಂದು ಮುಳ್ಳು ಅಲುಗುತ್ತದೆ. ಸ್ವರ ಸರಿಯಾಗಿದ್ದರೆ ಮುಳ್ಳು ನಡುವೆ ನಿಲ್ಲುತ್ತದೆ. ನಾಲ್ಕನೆಯ ತಂತಿಯನ್ನು ಅವಳು ಸರಿಗೆ ತಂದಳು. ಮುಳ್ಳು ನಡುವೆ ನಿಂತಿತು. ನಾಲ್ಕು ಬಾರಿ ಮೀಟಿದಳು. ಮುಳ್ಳು ಮೆಲ್ಲನೆ ಎಡಕ್ಕೆ ವಾಲಿತು. ಮತ್ತೆ ಸರಿಮಾಡಿದಳು, ಮತ್ತೆ ವಾಲಿತು.

“ಮಾವ, ಇಲ್ಲಿ ನೋಡಿ” ಎಂದು ಆ ಬಿರಡೆಯ ಕಿವಿಯನ್ನು ಹಿಡಿದು ಅಲುಗಿಸಿದಳು. ಕಿವಿ ಕಾಲು ಸುತ್ತು ತಿರುಗಿತು. ತಂತಿ ಸುತ್ತಿದ್ದ ಕಂಬ ಮಾತ್ರ ಅಲುಗಲಿಲ್ಲ. ಹಿಂದಕ್ಕೆ ತಿರುಗಿಸಿದಳು, ಮೊದಲ ಕಾಲು ಸುತ್ತು ಆಗಲೂ ವ್ಯರ್ಥ. ಬಿರಡೆಯನ್ನು ಮರಕ್ಕೆ ಬಿಗಿಯಬೇಕಾದ ಪುಟ್ಟ ಸ್ಕ್ರೂ ಇದ್ದ ಕಡೆ ಬರೀ ತೂತು. ತಂತಿಯನ್ನು ಬಿಗಿದಾಗಲೆಲ್ಲ ಇಡೀ ಬಿರಡೆಯೇ ಸಡಿಲವಾದ ಹಲ್ಲಿನಂತೆ ಮಿಸುಕುತ್ತಿತ್ತು.

ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಹೊಟ್ಟೆಯೊಳಗೆ ಏನೋ ತಣ್ಣಗಾದಂತಾಯಿತು. “ಇದು ಈಚೆಗೆ ಹೀಗಾಗಿರಬೇಕು” ಎಂದೆ. ಹದಿನಾಲ್ಕು ವರ್ಷ ಅಟ್ಟದ ಮೇಲೆ ಚೀಲದೊಳಗಿದ್ದ ವಸ್ತುವನ್ನು ಯಾರು ತಿರುಗಿಸಿ ಸವೆಸಿದರೆಂದು ಹುಡುಗಿ ಕೇಳಲಿಲ್ಲ. ಅವಳು ಒಳ್ಳೆಯ ಹುಡುಗಿ.

ಅಂದೇ ಆರು ಹೊಸ ಬಿರಡೆಗಳನ್ನು ತರಿಸುವುದೆಂದು ನಿಶ್ಚಯಿಸಿದೆ. ಮನೆಯಲ್ಲಿಯೇ, ನನ್ನ ಕೈಯಿಂದಲೇ ಹಾಕಬೇಕೆಂದೂ ನಿಶ್ಚಯಿಸಿದೆ. ರಿಪೇರಿಯವರಿಗೆ ಕೊಟ್ಟುಬಿಡಬಹುದಿತ್ತು; ಆದರೆ ಕೆಲವು ಸಾಲಗಳನ್ನು ಬೇರೆಯವರ ಕೈಯಲ್ಲಿ ತೀರಿಸಲಾಗುವುದಿಲ್ಲ.

ಗಿಟಾರಿನ ಬಿರಡೆ ವೀಣೆಯ ಬಿರಡೆಯಂಥದಲ್ಲ. ಅದೊಂದು ಪುಟ್ಟ ಯಂತ್ರ. ಕಿವಿಯ ತುದಿಯಲ್ಲಿ ತಿರುಪಿನ ಆಕಾರದ ಹುರಿಯೊಂದಿರುತ್ತದೆ. ಅದು ಕಂಬದ ಬುಡದಲ್ಲಿರುವ ಹಲ್ಲಿನ ಚಕ್ರವನ್ನು ಕಚ್ಚಿಕೊಂಡಿರುತ್ತದೆ. ಚಕ್ರಕ್ಕೆ ಹದಿನಾಲ್ಕು ಹಲ್ಲುಗಳಿದ್ದರೆ, ಕಿವಿಯನ್ನು ಹದಿನಾಲ್ಕು ಸುತ್ತು ತಿರುಗಿಸಿದಾಗ ಕಂಬ ಒಂದು ಸುತ್ತು ತಿರುಗುತ್ತದೆ. ಕಂಬದ ದಪ್ಪ ಸುಮಾರು 6 ಮಿಲಿಮೀಟರು. ಹಾಗಾಗಿ ಕಿವಿಯ ಒಂದು ಪೂರ್ತಿ ಸುತ್ತಿಗೆ ತಂತಿ ಒಂದೂವರೆ ಮಿಲಿಮೀಟರಿಗೂ ಕಡಿಮೆ ಸುತ್ತಿಕೊಳ್ಳುತ್ತದೆ. ಹದಿನೆಂಟು ಹಲ್ಲಿನವೂ ಉಂಟು. ಅವು ಇನ್ನೂ ನಯ. ಇದರ ನಿಜವಾದ ಸೊಗಸು ಬೇರೊಂದು ಗುಣದಲ್ಲಿದೆ: ಕಿವಿ ಕಂಬವನ್ನು ತಿರುಗಿಸಬಲ್ಲುದು, ಕಂಬ ಕಿವಿಯನ್ನು ತಿರುಗಿಸಲಾರದು. ಆರು ತಂತಿಗಳೂ ಸೇರಿ ಸುಮಾರು 45 ಕಿಲೊ ಭಾರದಷ್ಟು ಬಲದಿಂದ ಎಳೆಯುತ್ತಿದ್ದರೂ ಚಕ್ರ ಹಿಂದಕ್ಕೆ ಜಾರುವುದಿಲ್ಲ. ಸೀಮೆಸುಣ್ಣ ಬೇಕಾಗಿಲ್ಲ, ಮಳೆ ಬೇಸಗೆಗಳ ಭಯವಿಲ್ಲ. ಈಗೀಗ ವೀಣೆಗಳಿಗೂ ಇಂಥ ಹಲ್ಲುಚಕ್ರದ ಬಿರಡೆಗಳನ್ನು ಕೂರಿಸುವುದುಂಟು. ಅಮ್ಮ ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ. ಆದರೆ ಹುರಿಯಾಗಲಿ ಹಲ್ಲಾಗಲಿ ಸವೆದರೆ ನಡುವೆ ಸಡಿಲು ಹುಟ್ಟುತ್ತದೆ. ಆಗ ಕಿವಿ ಹೇಳಿದ್ದು ಕಂಬಕ್ಕೆ ಕೇಳುವುದಿಲ್ಲ.

ಬಿರಡೆ ಕೊಳ್ಳುವುದು ನಾನೆಣಿಸಿದಷ್ಟು ಸುಲಭವಾಗಿರಲಿಲ್ಲ. ಅಂಚೆಯಲ್ಲಿ ಬಂದ ಮೊದಲ ಪೊಟ್ಟಣವನ್ನು ಬಿಚ್ಚಿದರೆ ಮೂರು ಬಿರಡೆಗಳು ಎಡಗೈಯವು, ಮೂರು ಬಲಗೈಯವು. ಎರಡೂ ಅಂಚುಗಳಲ್ಲಿ ಮೂರು ಮೂರರಂತೆ ಇರುವ ಗಿಟಾರಿಗೆ ಅವು ತಕ್ಕವು. ನಮ್ಮದಕ್ಕೆ ಹಾಕಿದ್ದರೆ ಮೂರು ಕಿವಿಗಳು ಒಂದು ದಿಕ್ಕಿಗೆ, ಮೂರು ಇನ್ನೊಂದು ದಿಕ್ಕಿಗೆ ತಿರುಗುತ್ತ, ಅವಿಭಕ್ತ ಕುಟುಂಬದಂತೆ ಆಗಿಬಿಡುತ್ತಿತ್ತು. ತಪ್ಪು ಕಳಿಸಿದವರದಲ್ಲ, ಚಿತ್ರವನ್ನು ಮಾತ್ರ ನೋಡಿ ವಿವರವನ್ನು ಓದದೆ ತರಿಸಿದ ನನ್ನದು. ಅದನ್ನು ಹಿಂದಿರುಗಿಸಿ, ಈ ಸಲ ಅಳತೆಗೋಲು ಹಿಡಿದು ಕುಳಿತೆ. ನೋಡಬೇಕಾದ್ದು ಮುಖ್ಯವಾಗಿ ಮೂರು: ಆರೂ ಒಂದೇ ಅಂಚಿನವೇ ಎಂಬುದು, ಮರದಲ್ಲಿರುವ ರಂಧ್ರದ ಅಗಲ, ಹಿಂಭಾಗದ ಸ್ಕ್ರೂ ಎಲ್ಲಿ ಬೀಳುತ್ತದೆಂಬುದು. ಹಳೆಯ ಮಾದರಿಯವಕ್ಕೆ ರಂಧ್ರ ಸುಮಾರು 8.7 ಮಿಲಿಮೀಟರು, ಈಚಿನವಕ್ಕೆ ಸಾಮಾನ್ಯವಾಗಿ 10. ನಮ್ಮದು 10. ಎರಡನೆಯ ಪೊಟ್ಟಣ ಸರಿಯಾಗಿ ಬಂದಿತು.

ಒಂದು ಭಾನುವಾರ ಬೆಳಗ್ಗೆ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ, ಗಿಟಾರಿನ ಕುತ್ತಿಗೆಯ ಕೆಳಗೆ ಮಗುವಿನ ದಿಂಬೊಂದನ್ನಿಟ್ಟು ಕೆಲಸಕ್ಕೆ ತೊಡಗಿದೆವು. ಬಿಗಿದ ತಂತಿಯನ್ನು ಹಾಗೆಯೇ ಕತ್ತರಿಸಬಾರದು. ಅದು ಚಾವಟಿಯಂತೆ ಸಿಡಿಯಬಹುದು. ಮೊದಲು ಆರನ್ನೂ ಸಡಿಲಿಸಿ ಆಮೇಲೆ ಬಿಚ್ಚಿದೆವು. ಹಿಂಬದಿಯ ಸ್ಕ್ರೂಗಳನ್ನು ತೆಗೆದು, ಮುಂಬದಿಯಲ್ಲಿ ಕಂಬಗಳ ಕೊರಳಿಗಿದ್ದ ಆರುಮೂಲೆಯ ನಟ್ಟುಗಳನ್ನು 10 ನಂಬರಿನ ಸ್ಪ್ಯಾನರಿನಿಂದ ಬಿಚ್ಚುವುದಷ್ಟೆ. ಹಳೆಯ ಬಿರಡೆಗಳು ಒಂದೊಂದಾಗಿ ಕೈಗೆ ಬಂದವು. ನಾಲ್ಕನೆಯದನ್ನು ಹುಡುಗಿ ಬೇರೆಯಾಗಿ ಎತ್ತಿಟ್ಟಳು.

ಹೊಸವನ್ನು ರಂಧ್ರಗಳಲ್ಲಿ ಇಳಿಸಿದರೆ ಅವು ಸಲೀಸಾಗಿ ಕೂತವು. ಆದರೆ ಸ್ಕ್ರೂವಿನ ಸ್ಥಳ ಮಾತ್ರ ಹಳೆಯ ತೂತಿನಿಂದ ಎರಡು ಮಿಲಿಮೀಟರು ಆಚೆಗೆ ಬಿದ್ದಿತ್ತು. ಇಷ್ಟು ಹತ್ತಿರದಲ್ಲಿ ಹೊಸ ತೂತು ಕೊರೆದರೆ ಎರಡೂ ಸೇರಿಹೋಗುತ್ತವೆ. ಹಳೆಯ ತೂತುಗಳಿಗೆ ಮರದ ಅಂಟಿನಲ್ಲಿ ಅದ್ದಿದ ಹಲ್ಲುಕಡ್ಡಿಗಳನ್ನು ತುಂಬಿ, ಒಂದು ರಾತ್ರಿ ಒಣಗಬಿಟ್ಟು, ಮರುದಿನ ಮಿಕ್ಕ ತುದಿಗಳನ್ನು ಚಾಕುವಿನಿಂದ ಸಮ ಮಾಡಿದೆವು. ಆಮೇಲೆ ಆರು ಬಿರಡೆಗಳನ್ನೂ ಅಳತೆಪಟ್ಟಿಗೆ ಒತ್ತಿ ನೇರ ಸಾಲಿನಲ್ಲಿ ನಿಲ್ಲಿಸಿ, ಸ್ಕ್ರೂವಿನ ಸ್ಥಳಗಳನ್ನು ಸೂಜಿಮೊನೆಯಿಂದ ಗುರುತಿಸಿದೆವು. ಗಿಟಾರಿನ ತಲೆಯ ದಪ್ಪ ಹದಿನಾಲ್ಕು ಮಿಲಿಮೀಟರು. ಬೈರಿಗೆ ಅತ್ತ ಕಡೆ ಹೊರಟುಬಿಟ್ಟರೆ ಮುಖಕ್ಕೆ ತೂತು ಬಿದ್ದಂತೆಯೇ. ಆದ್ದರಿಂದ 1.5 ಮಿಲಿಮೀಟರಿನ ಬೈರಿಗೆ ಕಡ್ಡಿಗೆ, ತುದಿಯಿಂದ ಎಂಟು ಮಿಲಿಮೀಟರು ಬಿಟ್ಟು, ಅಂಟುಪಟ್ಟಿಯೊಂದನ್ನು ಸುತ್ತಿಕೊಂಡೆವು. ಪಟ್ಟಿ ಮರವನ್ನು ಮುಟ್ಟಿದಾಗ ನಿಲ್ಲಿಸುವುದು.

ಎಲ್ಲವೂ ಸುಸೂತ್ರವಾಗಿ ನಡೆಯುವಾಗ ಮನುಷ್ಯನಿಗೆ ತಾನು ಬುದ್ಧಿವಂತನೆಂಬ ಭ್ರಮೆ ಹುಟ್ಟುತ್ತದೆ. ಮೂರನೆಯ ಸ್ಕ್ರೂ ಅರ್ಧಕ್ಕೆ ಬಂದಾಗ ಬಿಗಿಯಾಯಿತು. ನಾನು ಪೌರುಷ ತೋರಿದೆ. ‘ಟಕ್’ ಎಂದಿತು, ಸ್ಕ್ರೂವಿನ ತಲೆ ಕೈಗೆ ಬಂದಿತು, ಮುಂಡ ಮರದಲ್ಲಿ ಉಳಿಯಿತು. ಗಿಟಾರಿನ ಕುತ್ತಿಗೆ ಮೇಪಲ್ ಮರದ್ದು. ಅದು ತೇಗಕ್ಕಿಂತ ಗಟ್ಟಿ. ನನ್ನಾಕೆ ಒಳಗಿನಿಂದ ಬಂದು ನೋಡಿ, ಏನನ್ನೂ ಹೇಳದೆ, ದೇವರ ಮನೆಯಿಂದ ಒಂದು ಮೇಣದ ಬತ್ತಿಯ ತುಂಡನ್ನು ತಂದು ಮೇಜಿನ ಮೇಲಿಟ್ಟು ಹೋದರು. ಬಾಗಿಲಿಗೆ ಚಿಲಕ ಹಾಕುವ ಬಡಗಿಯೂ ಸ್ಕ್ರೂವಿಗೆ ಮೇಣವನ್ನೋ ಸೋಪನ್ನೋ ಸವರಿಕೊಳ್ಳುತ್ತಾನೆ, ನನಗೆ ಅದು ತಿಳಿಯದ ವಿಷಯವೇನಲ್ಲ, ಅವಸರದಲ್ಲಿ ಮರೆತಿದ್ದೆ. ಪುಣ್ಯಕ್ಕೆ ಬಿರಡೆಯನ್ನು ತೆಗೆದಾಗ ಮುರಿದ ಮುಂಡ ಕೂದಲೆಳೆಯಷ್ಟು ಮೇಲೆ ಚಾಚಿಕೊಂಡಿತ್ತು. ಇಕ್ಕಳದ ತುದಿಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಎಡಕ್ಕೆ ತಿರುಗಿಸಿ ತಿರುಗಿಸಿ ಹೊರಗೆ ತೆಗೆಯುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಉಳಿದ ಸ್ಕ್ರೂಗಳು ಮೇಣ ಸವರಿಸಿಕೊಂಡು ಬೆಣ್ಣೆಯೊಳಗೆ ಇಳಿದಂತೆ ಇಳಿದವು.

ತಂತಿಗಳನ್ನು ಹುಡುಗಿಯೇ ಹಾಕಿದಳು. ದಪ್ಪನೆಯದರಿಂದ ತೊಡಗಿ ಇ, ಎ, ಡಿ, ಜಿ, ಬಿ, ಮತ್ತೆ ಇ ಎಂದು ಅವುಗಳ ಹೆಸರು. ನನಗೆ ಅರ್ಥವಾಗಲೆಂದು ನಮ್ಮ ಲೆಕ್ಕಕ್ಕೆ ತಂದುಕೊಂಡೆ: ಮೊದಲನೆಯದನ್ನು ಷಡ್ಜವೆಂದರೆ ಎರಡನೆಯದು ಅದರ ಶುದ್ಧ ಮಧ್ಯಮ; ಎರಡನೆಯದನ್ನು ಷಡ್ಜವೆಂದರೆ ಮೂರನೆಯದು ಅದರ ಮಧ್ಯಮ. ಹೀಗೆಯೇ ಮೇಲೇರಿ, ಜಿ ಮತ್ತು ಬಿಗಳ ನಡುವೆ ಮಾತ್ರ ಮಧ್ಯಮದ ಬದಲು ಅಂತರ ಗಾಂಧಾರ. ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಅಲುಗಿದರೆ ಅತ್ಯಂತ ತೆಳು ತಂತಿ ಸುಮಾರು 330 ಬಾರಿ. ಎರಡು ಸ್ಥಾಯಿಗಳ ಅಂತರ. ಪ್ರತಿ ತಂತಿಯನ್ನೂ ಕಂಬಕ್ಕೆ ಎರಡು ಮೂರು ಸುತ್ತು, ಒಂದರ ಕೆಳಗೊಂದು ಬರುವಂತೆ ಸುತ್ತಬೇಕು. ಸರಿಯಾದ ಸ್ವರಕ್ಕೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿಯೇ ಬರಬೇಕು. ಮೀರಿಹೋದರೆ ಪೂರ್ತಿ ಇಳಿಸಿ ಮತ್ತೆ ಏರಿಸಬೇಕು. ಆಗ ಹಲ್ಲುಗಳ ನಡುವಣ ಸಡಿಲು ತಾನಾಗಿ ಬಿಗಿದುಕೊಂಡಿರುತ್ತದೆ. ಹೊಸ ತಂತಿಗಳನ್ನು ಬೆರಳಿನಿಂದ ಮೆಲ್ಲನೆ ಎಳೆದು ಎಳೆದು ಪಳಗಿಸಿದೆವು.

ಐದು ತಂತಿಗಳು ನಿಂತವು. ನಾಲ್ಕನೆಯದು ಬಂಡೆಯಂತೆ ನಿಂತಿತು. ಮೂರನೆಯದು ನಿಲ್ಲಲಿಲ್ಲ.

ಹೊಸ ಬಿರಡೆ, ಹೊಸ ತಂತಿ, ಬಿಗಿದ ಸ್ಕ್ರೂ. ಆದರೂ ಅದು ಇಳಿಯುತ್ತಿತ್ತು. ಬಿರಡೆ ತಿರುಗಿಸಿದರೆ ಮುಳ್ಳು ಅಲುಗದೆ ನಿಂತು, ಇದ್ದಕ್ಕಿದ್ದಂತೆ ‘ಟಿಣ್’ ಎಂಬ ಸಣ್ಣ ಸದ್ದಾಗಿ ಒಮ್ಮೆಗೇ ಮೇಲಕ್ಕೆ ಹಾರುತ್ತಿತ್ತು. ನನಗೆ ಕೆಟ್ಟ ಯೋಚನೆ ಬಂದಿತು: ಹಾಗಾದರೆ ತಪ್ಪು ಬಿರಡೆಯದಲ್ಲವೇನೋ, ನನ್ನ ಗಾದೆಯೇ ಸರಿಯಿದ್ದೀತೇನೋ. ಆ ಯೋಚನೆಯಿಂದ ನನಗೆ ಒಂದು ಕ್ಷಣ ಹಾಯೆನಿಸಿತೆಂಬುದನ್ನೂ ನಾನು ಮುಚ್ಚಿಡಬಾರದು.

ಹುಡುಗಿ ಮಾತ್ರ ಆ ‘ಟಿಣ್’ ಸದ್ದಿನ ಜಾಡು ಹಿಡಿದಳು. ವೀಣೆಗೆ ಮೇರುವಿದ್ದಂತೆ ಗಿಟಾರಿನ ಕುತ್ತಿಗೆಯ ಮೇಲ್ತುದಿಯಲ್ಲಿ ಒಂದು ಸಣ್ಣ ಅಡ್ಡಪಟ್ಟಿಯಿರುತ್ತದೆ. ಅದರಲ್ಲಿ ಆರು ಗೀರುಗಳು. ತಂತಿಗಳು ಆ ಗೀರುಗಳಲ್ಲಿ ಹಾದು ಬಿರಡೆಗೆ ಹೋಗುತ್ತವೆ. ಮೂರನೆಯ ಗೀರು ಇಕ್ಕಟ್ಟಾಗಿತ್ತು. ತಂತಿ ಅದರೊಳಗೆ ಸಿಕ್ಕಿಕೊಂಡು, ಬಿರಡೆ ಎಳೆದರೂ ಬಾರದೆ, ಬಲ ಹೆಚ್ಚಾದಾಗ ತಟ್ಟನೆ ಜಾರುತ್ತಿತ್ತು. ನುಡಿಸುವಾಗ ಇತ್ತ ಕಡೆಯ ಎಳೆತಕ್ಕೆ ಮತ್ತೆ ಜಾರಿ ಸ್ವರ ಕೆಡುತ್ತಿತ್ತು. ಬಿರಡೆಯನ್ನು ಎಷ್ಟು ತಿರುಗಿಸಿದರೇನು, ನಡುದಾರಿಯಲ್ಲಿ ಕೊರಳು ಹಿಡಿದು ನಿಲ್ಲಿಸುವವರು ಇದ್ದರೆ? ನಯವಾದ ಮರಳುಕಾಗದವನ್ನು ಮಡಿಸಿ, ಗೀರಿನ ಪಕ್ಕಗಳನ್ನು ಮಾತ್ರ, ತಳವನ್ನು ಮುಟ್ಟದಂತೆ, ನಾಲ್ಕಾರು ಬಾರಿ ಉಜ್ಜಿದೆವು. ಆಮೇಲೆ ಮೆತ್ತನೆಯ ಪೆನ್ಸಿಲಿನ ಮೊನೆಯನ್ನು ಅದರೊಳಗೆ ಎಳೆದೆವು. ಪೆನ್ಸಿಲಿನ ಕಪ್ಪು ಒಣ ಎಣ್ಣೆಯಂತೆ ತಂತಿಯನ್ನು ಜಾರಗೊಡುತ್ತದೆ. ಅಮ್ಮನ ವೀಣೆ ಜಾರದಿರಲೆಂದು ನನ್ನ ಪೆಟ್ಟಿಗೆಯಿಂದ ಸೀಮೆಸುಣ್ಣ ಹೋಗುತ್ತಿತ್ತು; ಇದು ಜಾರಲೆಂದು ನನ್ನ ಜೇಬಿನಿಂದ ಪೆನ್ಸಿಲು ಹೋಯಿತು.

‘ಟಿಣ್’ ಸದ್ದು ನಿಂತಿತು. ಸಂಜೆ ಶ್ರುತಿ ಮಾಡಿಟ್ಟು, ಮರುದಿನ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಇಬ್ಬರೂ ಬಂದು ಮೀಟಿ ನೋಡಿದೆವು. ಆರೂ ಮುಳ್ಳುಗಳು ನಡುವೆಯೇ ನಿಂತವು.

ಹುಡುಗಿ ಕುಣಿದಾಡಿದಳು. ನನಗೆ ಸಂತೋಷವಾಯಿತೆಂದು ಹೇಳಿದರೆ ಅರ್ಧ ಸತ್ಯವಾದೀತು. ಕಾಫಿಯ ಲೋಟವನ್ನು ಹಿಡಿದು ಜಗಲಿಯಲ್ಲಿ ಕುಳಿತವನಿಗೆ ಒಂದು ವಿಷಯ ಮೆಲ್ಲನೆ ಹೊಳೆಯತೊಡಗಿತು. ಅದು ಬಹಳ ಸರಳವಾದ ವಿಷಯ. ಹದಿನಾಲ್ಕು ವರ್ಷ ಅದು ಹೇಗೆ ಹೊಳೆಯದೆ ಹೋಯಿತೋ! ಶ್ರುತಿಜ್ಞಾನ ಇಲ್ಲದ ಹುಡುಗನಿಗೆ ಆ ಗಿಟಾರಿನಿಂದ ತೊಂದರೆಯೇ ಆಗುತ್ತಿರಲಿಲ್ಲ. ತಂತಿ ಇಳಿದದ್ದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಇಳಿದ ತಂತಿಯ ಮೇಲೆಯೇ ಜೋರಾಗಿ ಬಾರಿಸಿ, ನೆಂಟರಿಂದ ಚಪ್ಪಾಳೆಯನ್ನೂ ಗಿಟ್ಟಿಸುತ್ತಿದ್ದ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ಕಿವಿಯನ್ನು ಮರಕ್ಕೆ ಹಚ್ಚಿ ಕೂಡುತ್ತಿದ್ದವನಿಗೆ ಕೂದಲೆಳೆಯಷ್ಟು ವ್ಯತ್ಯಾಸವೂ ಕೇಳುತ್ತಿತ್ತು. ಅವನ ಅಜ್ಜಿಯ ಕಿವಿ ಅವನಿಗೆ ಬಂದಿತ್ತು. ಆ ಮನೆಯಲ್ಲಿ ಶ್ರುತಿ ಕೇಳದವನು ಒಬ್ಬನೇ ಒಬ್ಬನಿದ್ದ. ಅವನು ಗಾದೆ ಹೇಳುತ್ತಿದ್ದ.

ಅಂದು ರಾತ್ರಿ ಪುಣೆಗೆ ಫೋನು ಮಾಡಿದೆ. ಹವೆಯ ವಿಷಯ, ಊಟದ ವಿಷಯ, ಮಾವಿನ ಹಣ್ಣಿನ ಬೆಲೆ ಎಲ್ಲವೂ ಆದವು. ತಂದೆಯಾದವನು ಮಗನ ಮುಂದೆ ತಪ್ಪೊಪ್ಪಿಕೊಳ್ಳುವುದಕ್ಕೆ ನಮ್ಮ ಭಾಷೆಯಲ್ಲಿ ಮಾತುಗಳು ಸ್ವಲ್ಪ ಕಡಿಮೆ. ಇದ್ದವೂ ಗಂಟಲಲ್ಲಿ ಆ ಮೂರನೆಯ ತಂತಿಯಂತೆ ಸಿಕ್ಕಿಕೊಳ್ಳುತ್ತವೆ. ಕಡೆಗೆ ಹೇಗೋ ಹೇಳಿದೆ:

“ನಿನ್ನ ಗಿಟಾರನ್ನು ಅಟ್ಟದಿಂದ ಇಳಿಸಿದೆವು. ಬಿರಡೆಗಳನ್ನು ಬದಲಾಯಿಸಿದ್ದೇನೆ. ಒಂದು ಸವೆದುಹೋಗಿತ್ತು ಕಣೋ.”

ಅತ್ತ ಕಡೆ ಕೊಂಚ ಹೊತ್ತು ಮಾತಿರಲಿಲ್ಲ.

“ನಾಲ್ಕನೆಯದು” ಎಂದ.

ನಾನು ಯಾವುದೆಂದು ಹೇಳಿರಲಿಲ್ಲ. “ಹೌದು” ಎಂದೆ.

“ಮೂರನೆಯದು ಏನಾಯಿತು? ಅದು ಟಿಣ್ ಎನ್ನುತ್ತಿತ್ತು.”

“ಅದನ್ನೂ ಸರಿಮಾಡಿದೆವು. ಗೀರು ಇಕ್ಕಟ್ಟಾಗಿತ್ತು” ಎಂದೆ. ಆಮೇಲೆ, ಇನ್ನು ತಡಮಾಡಿದರೆ ಹೇಳಲಾಗುವುದಿಲ್ಲವೆನಿಸಿ, ಒಂದೇ ಉಸಿರಿಗೆ, “ಅವತ್ತು ನಾನು ನೆಂಟರ ಮುಂದೆ ಹಾಗನ್ನಬಾರದಾಗಿತ್ತು. ನೆಲವೇ ಡೊಂಕಾಗಿತ್ತು. ಆ ಡೊಂಕು ನೆಲವನ್ನು ಆರಿಸಿ ತಂದವನೂ ನಾನೇ” ಎಂದೆ.

ಮತ್ತೆ ಸ್ವಲ್ಪ ಮೌನ. ನನಗೆ ಫೋನು ಕಡಿದುಹೋಯಿತೇನೋ ಎನಿಸಿತು.

“ಯಾವ ತಂತಿ ಹಾಕಿದ್ದೀರಿ, ಅಪ್ಪ? ಒಂಬತ್ತರದೋ ಹತ್ತರದೋ?” ಎಂದು ಕೇಳಿದ. ತಂತಿಗಳ ದಪ್ಪಕ್ಕೆ ಹಾಗೆ ಲೆಕ್ಕವಿದೆಯೆಂದು ನನಗೆ ಆಗಲೇ ತಿಳಿದದ್ದು. ಪೊಟ್ಟಣವನ್ನು ಹುಡುಕಿ ಓದಿ, “ಹತ್ತು” ಎಂದೆ. “ಒಳ್ಳೆಯದು. ಅವಳು ಕಲಿಯುವವಳು, ಒಂಬತ್ತು ಹಾಕಿದರೆ ಬೆರಳಿಗೆ ನೋವು ಕಡಿಮೆ. ಮುಂದಿನ ಸಲ ನಾನೇ ತರುತ್ತೇನೆ” ಎಂದ. ಹದಿನಾಲ್ಕು ವರ್ಷಗಳಲ್ಲಿ ನಾವಿಬ್ಬರೂ ಸಂಗೀತದ ಬಗ್ಗೆ ಆಡಿದ ಮೊದಲ ಮಾತುಗಳು ಇವು.

ಗಿಟಾರು ಈಗ ಹುಡುಗಿಯ ಮನೆಯಲ್ಲಿದೆ, ಅಮ್ಮನ ವೀಣೆಯಿರುವ ಕೋಣೆಯಲ್ಲಿಯೇ. ಗಣೇಶನ ಹಬ್ಬಕ್ಕೆ ಬಂದಿದ್ದಾಗ ಮಗ ಅಲ್ಲಿಗೆ ಹೋಗಿ, ಒಂಬತ್ತರ ತಂತಿಗಳನ್ನು ಹಾಕಿಕೊಟ್ಟ. ಶ್ರುತಿ ಮಾಡಲು ಅವನಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಮೊಬೈಲಿನ ಮುಳ್ಳನ್ನು ಅವನು ನೋಡಲೂ ಇಲ್ಲ. ನಾನು ಬಾಗಿಲ ಬಳಿ ನಿಂತಿದ್ದೆ. ಈ ಸಲ ಏನೂ ಹೇಳಲಿಲ್ಲ.

ಸವೆದ ಆ ನಾಲ್ಕನೆಯ ಬಿರಡೆಯನ್ನು ನಾನು ನನ್ನ ಬರೆಯುವ ಮೇಜಿನ ಮೇಲಿಟ್ಟುಕೊಂಡಿದ್ದೇನೆ. ಕಾಗದ ಹಾರದಿರಲು ಅದು ಸಾಲುವಷ್ಟು ಭಾರವಿಲ್ಲ. ಆದರೂ ಇರಲೆಂದು ಇಟ್ಟಿದ್ದೇನೆ. ಗಾದೆಗಳ ಅಭ್ಯಾಸ ಪೂರ್ತಿ ಬಿಟ್ಟಿಲ್ಲ. ಆದರೆ ಈಗ ಯಾರಾದರೂ ನನ್ನೆದುರು ನೆಲ ಡೊಂಕೆಂದರೆ, ಬಾಯಿ ತೆರೆಯುವ ಮೊದಲು ಒಂದು ರಸಮಟ್ಟವನ್ನು ತಂದು ಇಟ್ಟು ನೋಡುತ್ತೇನೆ. ಎಷ್ಟೋ ಸಲ ಅವರು ಹೇಳಿದ್ದೇ ನಿಜವಾಗಿರುತ್ತದೆ.